ಬಾಡಿಗೆ ಹೆಸರು

ಆ ದೇಶದಲ್ಲಿ ಮೇಸ್ತ್ರಿ ಕಟ್ಟಡ ಕಟ್ಟಬಹುದಿತ್ತು. ಕಟ್ಟಿದ್ದು ತನ್ನ ಕೆಲಸ ಎಂದು ಹೇಳುವ ಹಾಗಿರಲಿಲ್ಲ.

ಕಾನೂನು ಹಾಗಿತ್ತು. ಹೊರಗಿನಿಂದ ಬಂದವನು ಗುತ್ತಿಗೆ ಹಿಡಿಯಬೇಕಾದರೆ ಲೈಸೆನ್ಸು ಬೇಕು. ಲೈಸೆನ್ಸು ಸಿಗಬೇಕಾದರೆ ತನ್ನ ದೇಶದಲ್ಲಿ ದೊಡ್ಡ ಕಂಪನಿ ಇರಬೇಕು, ಬ್ಯಾಂಕು ಜಾಮೀನು ನಿಲ್ಲಬೇಕು, ಓದಿದ ಇಂಜಿನಿಯರನೊಬ್ಬ ಸಂಬಳಕ್ಕಿರಬೇಕು. ಮೇಸ್ತ್ರಿಯ ಹತ್ತಿರ ಇದ್ದದ್ದು ಕರಣೆ, ರಸಮಟ್ಟ ಮತ್ತು ತಾನು ಕರೆತಂದ ಹನ್ನೆರಡು ಆಳು. ಅವನಂಥವರೆಲ್ಲ ಏನು ಮಾಡುತ್ತಿದ್ದರೋ ಅವನೂ ಅದನ್ನೇ ಮಾಡಿದ. ಆ ಊರಿನವನೊಬ್ಬನ ಹೆಸರನ್ನು ಬಾಡಿಗೆಗೆ ಹಿಡಿದ.

ಆ ಮನುಷ್ಯನಿಗೆ ಮಾರ್ಕೆಟಿನಲ್ಲಿ ಟೈಲ್ಸ್ ಅಂಗಡಿ. ಜನ್ಮದಲ್ಲಿ ಒಂದು ಬಾಂಡ್ಲಿ ಗಾರೆ ಕಲಸಿದವನಲ್ಲ. ಅವನ ನಿಜವಾದ ಹೆಸರು ಗೇಟಿನ ಬೋರ್ಡಿನ ಮೇಲೆ ದಪ್ಪ ಅಕ್ಷರಗಳಲ್ಲಿತ್ತು. ಆಳುಗಳಿಗೆ ಆ ಲಿಪಿ ಬರುತ್ತಿರಲಿಲ್ಲ.

"ಇವನ ಹತ್ರ ಹೆಸರೊಂದು ಬಿಟ್ರೆ ಇನ್ನೇನಿದೆ? ಹೆಸರಪ್ಪ ಅನ್ರೋ," ಎಂದಿದ್ದಳು ಅಕ್ಕ. ಅಂದಿನಿಂದ ಅವನು ಹೆಸರಪ್ಪ.

ಅಕ್ಕ ಮೇಸ್ತ್ರಿಯ ಸ್ವಂತ ಅಕ್ಕ. ಗಂಡ ತೀರಿಕೊಂಡ ಮೇಲೆ ಅವನೇ ಕರೆಸಿಕೊಂಡಿದ್ದ. ಲೈಸೆನ್ಸಿನ ಲೆಕ್ಕದಲ್ಲಿ ಹನ್ನೆರಡು ಆಳಿಗೆ, ಆಳೆಂದೇ ಬರೆಸಿಕೊಂಡ ಮೇಸ್ತ್ರಿಗೆ ಮಾತ್ರ ಕಾರ್ಡು. ಅಡುಗೆಯವರಿಗೆ ಇಲ್ಲ, ವಯಸ್ಸಾದವರಿಗಂತೂ ಇಲ್ಲವೇ ಇಲ್ಲ. ತಮ್ಮನನ್ನು ನೋಡಿಹೋಗುತ್ತೇನೆ ಎಂದು ಹೇಳಿ ಅವಳು ಆ ದೇಶದೊಳಕ್ಕೆ ಬಂದಳು. ನೋಡಿದಳು, ಹೋಗಲಿಲ್ಲ. ಬೆಳಿಗ್ಗೆ ಹದಿಮೂರು ಜನರಿಗೆ ಬೇಯಿಸುತ್ತಿದ್ದಳು. ಆಮೇಲೆ ತಲೆಗೆ ಸಿಂಬಿ ಇಟ್ಟು ಎಲ್ಲರ ಜೊತೆ ಗಾರೆ ಹೊರುತ್ತಿದ್ದಳು. ಬೇಡ ಅಂದರೆ, "ಕೂತು ತಿನ್ನೋಕೆ ನಾನೇನು ಹೆಸರಪ್ಪನಾ?" ಅನ್ನುತ್ತಿದ್ದಳು.

ಕೆಲಸದ ಜಾಗದಲ್ಲಿ ಬಿಳಿ ಹೆಲ್ಮೆಟ್ಟು ಗುತ್ತಿಗೆದಾರನಿಗೆ, ಹಳದಿ ಆಳುಗಳಿಗೆ. ಅದೂ ಕಾನೂನೇ. ದಿನಾಲೂ ಬಿಳಿ ಹೆಲ್ಮೆಟ್ಟು ಮೇಸ್ತ್ರಿಯ ತಲೆಯ ಮೇಲಿರುತ್ತಿತ್ತು. ತಪಾಸಣೆಯ ದಿನ ಮಾತ್ರ ಇರುತ್ತಿರಲಿಲ್ಲ. ಆ ದಿನ ಹೆಸರಪ್ಪನ ಕಾರು ಮೊದಲು ಬರುತ್ತಿತ್ತು, ಇಲಾಖೆಯ ಜೀಪು ಹಿಂದಿನಿಂದ. ಕಾರು ತಿರುವಿನಲ್ಲಿ ಕಂಡ ಕೂಡಲೇ ಕಂಬಿ ಕಟ್ಟುವವನು ಸಾರುವೆಯ ಪೈಪಿಗೆ ಕಬ್ಬಿಣದಿಂದ ಟಣಟಣ ಬಡಿಯುತ್ತಿದ್ದ. ಆಗ ಎಲ್ಲರಿಗೂ ಗೊತ್ತು ಏನು ಮಾಡಬೇಕೆಂದು.

ಮೇಸ್ತ್ರಿ ಗೇಟಿಗೆ ಓಡಿ ಹೆಲ್ಮೆಟ್ಟು ಕೊಡುತ್ತಿದ್ದ. ಹೆಸರಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು, ಮೂಸಿ, ಒಳಗೆ ತನ್ನ ಕರ್ಚೀಫು ಹಾಸಿ, ಆಮೇಲೆ ತಲೆಗೆ ಇಟ್ಟುಕೊಳ್ಳುತ್ತಿದ್ದ. ಮೇಸ್ತ್ರಿ ಹಳದಿ ಹಾಕಿಕೊಂಡು ಸಲಿಕೆ ಹಿಡಿದು ತನ್ನ ಆಳುಗಳ ನಡುವೆ ಆಳಾಗಿ ನಿಲ್ಲುತ್ತಿದ್ದ. ಬೆನ್ನು ಬಗ್ಗಿರಬೇಕು. ಕಣ್ಣು ನೆಲದ ಮೇಲಿರಬೇಕು. ಯಾರಾದರೂ ಏನಾದರೂ ಕೇಳಿದರೆ ಬಾಯಿ ತೆರೆಯುವ ಮೊದಲು ಹೆಸರಪ್ಪನ ಮುಖ ನೋಡಬೇಕು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಬೆನ್ನು ತಾನಾಗಿಯೇ ಬಗ್ಗತೊಡಗಿತು. ಹಾಗೆ ಬಗ್ಗಿದ್ದೇ ಅವನಿಗೆ ಹೆಚ್ಚು ಹೇಸಿಗೆ.

ಒಂದು ಸಲ ಅಧಿಕಾರಿಯ ಎದುರು ಹೆಸರಪ್ಪನ ಬೂಟಿಗೆ ಹಸಿ ಗಾರೆ ಮೆತ್ತಿತು. ಅವನು ಮಾತು ನಿಲ್ಲಿಸಲಿಲ್ಲ. ಕಾಲನ್ನು ಸುಮ್ಮನೆ ಮುಂದಕ್ಕೆ ಚಾಚಿದ. ಎದುರಿಗಿದ್ದವನು ಮೇಸ್ತ್ರಿ. ಬಗ್ಗಿದ. ಹೆಗಲ ಟವೆಲಿನಿಂದ ಒರೆಸಿದ. ಹನ್ನೆರಡು ಜನ ನೋಡಿದರು. ಅಂದು ಊಟಕ್ಕೆ ಕೂತಾಗ ಯಾರೂ ಕೀಟಲೆ ಮಾಡಲಿಲ್ಲ, ಯಾರೂ ಇನ್ನೊಂದು ತುತ್ತು ಕೇಳಲಿಲ್ಲ.

"ಕೈ ತೊಳ್ಕೊಂಡ್ಯಾ?" ಎಂದಳು ಅಕ್ಕ ಬಡಿಸುತ್ತಾ.

"ತೊಳ್ಕೊಂಡೆ."

"ಇನ್ನೊಂದ್ಸಲ ತೊಳ್ಕೊ."

ಅವನು ಎದ್ದು ಹೋಗಿ ಇನ್ನೊಮ್ಮೆ ತೊಳೆದುಕೊಂಡ.

ತಪಾಸಣೆಯ ದಿನ ಅಕ್ಕ ಮಾಯವಾಗಬೇಕಿತ್ತು. "ಕಾರ್ಡಿಲ್ಲದವಳು ನನ್ನ ಕಣ್ಣಿಗೆ ಬೀಳಬಾರದು. ಎಲ್ಲಿ ಅಡಗಿಸ್ತೀಯೋ ನನಗೆ ಗೊತ್ತಾಗೋದೂ ಬೇಡ," ಎಂದು ಹೆಸರಪ್ಪ ಮೊದಲೇ ಹೇಳಿಬಿಟ್ಟಿದ್ದ. ಮೇಸ್ತ್ರಿ ಜಾಗ ಹುಡುಕಿದ. ಮುಂದೆ ಲಿಫ್ಟು ಬರುವಲ್ಲಿ ಆಳುದ್ದಕ್ಕಿಂತ ಆಳವಾದ ಗುಂಡಿ ತೋಡಿದ್ದರು. ಅದರ ತಳದ ಮೂಲೆಯಲ್ಲಿ ನೀರಿನ ಮೋಟಾರಿಗೆಂದು ಬಿಟ್ಟ ಇನ್ನೊಂದು ಸಣ್ಣ ಗುಂಡಿ. ಅಕ್ಕ ಅದರೊಳಗೆ ಇಳಿದು ಮೊಣಕಾಲನ್ನು ಎದೆಗೆ ಅವಚಿ ಕೂರುತ್ತಿದ್ದಳು. ಮೇಲೆ ಒಂದು ಹಲಗೆ ಅಡ್ಡ. ಮೇಲಿನಿಂದ ಬಗ್ಗಿ ನೋಡಿದರೂ ಕಾಣುತ್ತಿರಲಿಲ್ಲ.

ಮೇಸ್ತ್ರಿ ಅವಳಿಗೆ ಕಲಿಸಿದ್ದು ಒಂದೇ ಮಾತು. "ಜೀಪು ಹೋದ್ಮೇಲೆ ಮತ್ತೆ ಪೈಪು ತಟ್ತೀವಿ. ಅಲ್ಲೀತನಕ ಮೇಲೆ ಏನೇ ಆಗ್ಲಿ, ಆಕಾಶನೇ ಬೀಳ್ಲಿ, ಉಸಿರೆತ್ತಬಾರದು. ನೀನು ಕೂಗಿದ್ರೆ ಹನ್ನೆರಡು ಜನರ ಅನ್ನ ಹೋಯ್ತು."

ಅಕ್ಕ ನಕ್ಕಿದ್ದಳು. "ಇಡೀ ಜನ್ಮ ಮಾತಾಡ್ಬೇಡ ಅಂತ ಗಂಡ ಹೇಳ್ದ, ಕೇಳ್ಲಿಲ್ಲ. ತಮ್ಮ ಹೇಳಿದ್ದಾದ್ರೂ ಕೇಳ್ತೀನಿ ಬಿಡು."

ಕೇಳಿದಳು. ಒಮ್ಮೆ ಗುಂಡಿಯಲ್ಲಿ ಮಂಡಿ ತನಕ ನೀರು ತುಂಬಿತ್ತು, ಕೂತಳು. ಒಮ್ಮೆ ಜ್ವರವಿತ್ತು, ಕೂತಳು. ಎದ್ದು ಬಂದಾಗ ಕಾಲು ಜೋಮು ಹಿಡಿದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಲಂಗರು ಹಾಕಿದ ಹಾಗಾಗಿದೆ ಕಾಲು ಅನ್ನುತ್ತಿದ್ದಳು. ಅವಳ ಬಾಯಿಂದ ಬರುತ್ತಿದ್ದ ದೂರು ಅಷ್ಟೇ.

ಆ ದಿನ ನೆಲಮಹಡಿಗೆ ಕಾಂಕ್ರೀಟು ಹಾಕುವುದಿತ್ತು. ಪಂಪಿನ ಲಾರಿ ಬಂದು ನಿಂತು, ಉದ್ದನೆಯ ಕೈ ಚಾಚಿ, ದಪ್ಪ ರಬ್ಬರಿನ ಕೊಳವೆಯನ್ನು ಕೆಳಗೆ ಇಳಿಬಿಟ್ಟಿತ್ತು. ಪಂಪು ನಡೆಸುವವನು ಬಾಡಿಗೆ ಲಾರಿಯ ಜೊತೆ ಬಂದ ಸ್ಥಳೀಯ. ದೂರದಲ್ಲಿ ನಿಂತು ಹೊಟ್ಟೆಗೆ ಕಟ್ಟಿಕೊಂಡ ಪೆಟ್ಟಿಗೆಯ ಬಟನ್ನು ಒತ್ತುತ್ತಿದ್ದ. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಯಾವ ಮಾತೂ ಕೇಳುವುದಿಲ್ಲ. ಬಿಳಿ ಹೆಲ್ಮೆಟ್ಟಿನವನು ಕೈ ಮಾಡಿದರೆ ಶುರು, ಬಿಳಿ ಹೆಲ್ಮೆಟ್ಟಿನವನು ಕೈ ಅಡ್ಡ ಹಿಡಿದರೆ ಬಂದ್. ಹಳದಿಗಳು ಕುಣಿದರೂ ಅವನು ನೋಡುವುದಿಲ್ಲ. ಅವನಿಗೆ ಹಾಗೆಯೇ ಹೇಳಿಕೊಟ್ಟಿದ್ದರು.

ಪೈಪು ಟಣಟಣ ಎಂದಿತು. ಅಕ್ಕ ಬಾಂಡ್ಲಿ ಇಳಿಸಿದಳು. "ಬಂದ ನೋಡು ಮದುಮಗ," ಎಂದು ಕಂಬಿಯವನಿಗೆ ಕಣ್ಣು ಮಿಟುಕಿಸಿ ಗುಂಡಿಗೆ ಇಳಿದಳು. ಮೇಸ್ತ್ರಿ ಹೆಲ್ಮೆಟ್ಟು ಕೊಟ್ಟ. ಕರ್ಚೀಫು ಹಾಸಲಾಯಿತು.

ಬಂದ ಇನ್ಸ್‌ಪೆಕ್ಟರು ಕೆಟ್ಟವನಲ್ಲ. ಮೆಲುದನಿಯವನು, ದಪ್ಪ ಕನ್ನಡಕದವನು. ಕಾರ್ಡು ನೋಡಿದ, ತಲೆ ಎಣಿಸಿದ, ಸಾರುವೆ ಅಲ್ಲಾಡಿಸಿ ನೋಡಿದ. ಲಿಫ್ಟಿನ ಗುಂಡಿಯ ಹತ್ತಿರ ಬಂದು ನಿಂತ.

"ಇದೇಕೆ ಹೀಗೆ ಬಾಯಿ ತೆರೆದುಕೊಂಡಿದೆ? ಯಾರಾದರೂ ಬಿದ್ದು ಸತ್ತರೆ?"

"ಅಯ್ಯೋ, ಇವತ್ತೇ ಕಾಂಕ್ರೀಟು ಹಾಕ್ಸೋದು ಸಾರ್. ತಾವು ಬರಲಿ ಅಂತಲೇ ಕಾಯ್ತಿದ್ದೆ," ಎಂದ ಹೆಸರಪ್ಪ.

"ಹಾಗಾದರೆ ನನ್ನ ಎದುರಿಗೇ ಶುರು ಮಾಡಿ. ನೋಡಿ ಹೋಗ್ತೀನಿ."

ಆ ಭಾಷೆಯಲ್ಲಿ ಮೇಸ್ತ್ರಿಗೆ ಅರ್ಥವಾಗುತ್ತಿದ್ದದ್ದು ಅರ್ಧಂಬರ್ಧ. ಆದರೆ ಹೆಸರಪ್ಪ ಪಂಪಿನವನಿಗೆ ಮಾಡಿದ ಕೈಸನ್ನೆ ಪೂರ್ತಿ ಅರ್ಥವಾಯಿತು. ಲಾರಿಯ ಉದ್ದ ಕೈ ತಿರುಗಿತು. ಕೊಳವೆಯ ಬಾಯಿ ತೂಗಾಡುತ್ತಾ ಬಂದು ಗುಂಡಿಯ ಮೇಲೆ ನಿಂತಿತು. ಅದರಿಂದ ಬೀಳುವುದು ಜಲ್ಲಿ ಬೆರೆತ ಭಾರ. ತಳಕ್ಕೆ ಬಿದ್ದದ್ದು ಮೊದಲು ಇಳಿದು ತುಂಬುವುದು ಆ ಮೂಲೆಯ ಸಣ್ಣ ಗುಂಡಿಯನ್ನೇ.

ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟ. ಬೆನ್ನು ಆಗಲೂ ಬಗ್ಗಿಯೇ ಇತ್ತು.

"ಸಾರ್... ಕೆಳಗೆ... ಕಂಬಿ ಬಾಕಿ ಸಾರ್."

"ನಿನ್ನ ಕೇಳಿದವರ್ಯಾರು?" ಹೆಸರಪ್ಪ ಅವನ ಹಳದಿ ಹೆಲ್ಮೆಟ್ಟಿನ ಮೇಲೆ ಹೊಡೆದ. ಕಪಾಳಕ್ಕಲ್ಲ, ಹೆಲ್ಮೆಟ್ಟಿಗೆ. ಎತ್ತಿಗೆ ಹೊಡೆದ ಹಾಗೆ. ಇನ್ಸ್‌ಪೆಕ್ಟರನ ಕಡೆ ತಿರುಗಿ ನಕ್ಕ. "ಈ ಹೊರಗಿನವರು ಹೀಗೇ ಸಾರ್. ಕೆಲಸ ತಪ್ಪಿಸೋಕೆ ನೂರು ನೆಪ."

ಕಂಬಿಯವನು ಮೇಸ್ತ್ರಿಯ ಅಂಗಿ ಹಿಡಿದು ಹಿಂದಕ್ಕೆ ಎಳೆದ.

"ಅಕ್ಕ ಕೂಗ್ತಾಳೆ ಬಿಡಿ ಮೇಸ್ತ್ರಿ. ಕೂಗಿದ್ರೆ ಅವ್ರೇ ನಿಲ್ಲಿಸ್ತಾರೆ. ನೀವು ಬಾಯಿ ಬಿಟ್ರೆ ಎಲ್ಲಾ ಮುಗೀತು. ಅವ್ಳು ಕೂಗ್ಲಿ."

"ಅವ್ಳು ಕೂಗಲ್ಲ ಕಣೋ."

"ಸಾಯೋ ಹೊತ್ತಲ್ಲೂ ಕೂಗಲ್ವಾ? ಯಾರಾದ್ರೂ ಕೂಗ್ತಾರೆ."

ಪಂಪು ಒಮ್ಮೆ ಕೆಮ್ಮಿತು. ಕೊಳವೆ ನಡುಗಿತು. ಬೂದು ಬಣ್ಣದ ಮುದ್ದೆ ಧೊಪ್ಪೆಂದು ಕೆಳಗೆ ಬಿತ್ತು. ಹಲಗೆ ಮುರಿದ ಸದ್ದು ಕೇಳಿಸಿತು.

ಹನ್ನೆರಡು ಜನ ಉಸಿರು ಹಿಡಿದು ಕಿವಿಗೊಟ್ಟರು. ಗುಂಡಿಯಿಂದ ಏನೂ ಬರಲಿಲ್ಲ. ಒಂದು ಅಯ್ಯೋ ಇಲ್ಲ. ಒಂದು ನರಳಾಟ ಇಲ್ಲ.

ಆ ಮೌನ ಅವನು ಕಲಿಸಿದ್ದು.

ಎರಡನೆಯ ಮುದ್ದೆ ಬಿತ್ತು. ಮೇಸ್ತ್ರಿ "ನಿಲ್ಸೋ!" ಎಂದು ಕಿರುಚಿದ. ಪಂಪಿನವನು ನೋಡಲಿಲ್ಲ. ಹಳದಿಗಳು ಯಾವಾಗಲೂ ಕಿರುಚುತ್ತಲೇ ಇರುತ್ತಾರೆ. ಮೇಸ್ತ್ರಿ ತಿರುಗಿದ. ಹೆಸರಪ್ಪನ ತಲೆಯ ಮೇಲಿನ ಬಿಳಿ ಹೆಲ್ಮೆಟ್ಟನ್ನು ಕಿತ್ತುಕೊಂಡ. ಕರ್ಚೀಫು ಕೆಸರಿಗೆ ಬಿತ್ತು. ತನ್ನ ಹಳದಿಯನ್ನು ಎಸೆದು ಬಿಳಿಯನ್ನು ತಲೆಗೆ ಹಾಕಿಕೊಂಡು, ಸೆಟೆದು ನಿಂತು, ಎರಡೂ ಕೈ ಅಡ್ಡ ಹಿಡಿದ.

ಪಂಪು ನಿಂತಿತು.

ಹೆಸರಪ್ಪ ಬರಿದಾದ ತಲೆಯನ್ನು ಮುಟ್ಟಿ ನೋಡಿಕೊಂಡ. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ಆ ಭಾಷೆಯಲ್ಲಿ ಕೆಲಸದ ನಾಲ್ಕು ಪದ ಬಿಟ್ಟರೆ ಮೇಸ್ತ್ರಿಗೆ ಬರುತ್ತಿದ್ದದ್ದು ಹೌದು ಸಾರ್, ಆಯ್ತು ಸಾರ್, ತಪ್ಪಾಯ್ತು ಸಾರ್. ಆ ಮೂರೂ ಈಗ ಕೆಲಸಕ್ಕೆ ಬರಲಿಲ್ಲ. ಅವನು ತನ್ನ ಭಾಷೆಯಲ್ಲೇ ಹೇಳಿದ. ಎದೆ ತಟ್ಟಿಕೊಂಡು ಹೇಳಿದ.

"ಈ ಕೆಲಸ ನಂದು. ಇವನದಲ್ಲ. ನಂದು. ಕೆಳಗೆ ನಮ್ಮಕ್ಕ ಇದಾಳೆ."

ಗುಂಡಿಗೆ ಮೊದಲು ಹಾರಿದವನು ಕಂಬಿಯವನು. ಅವನ ಹಿಂದೆ ಮೇಸ್ತ್ರಿ. ಸಲಿಕೆ ಹಾಕುವ ಹಾಗಿಲ್ಲ, ಮೈಗೆ ತಾಗುತ್ತದೆ. ಕೈಯಲ್ಲಿ ಬಗೆದರು. ಜಲ್ಲಿಗೆ ಉಗುರು ಕಿತ್ತುಬಂತು. ಸಿಮೆಂಟು ಗಾಯಕ್ಕೆ ಇಳಿದು ಬೆಂಕಿಯ ಹಾಗೆ ಉರಿಯಿತು. ಮುರಿದ ಹಲಗೆ ಎತ್ತಿದರೆ ಅಕ್ಕ. ಎದೆಯ ತನಕ ಹುಗಿದುಹೋಗಿದ್ದಳು. ಒಂದು ಹೆಗಲು ಕೆಳಗೆ ಜೋತುಬಿದ್ದಿತ್ತು. ಸೀರೆಯ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಮೇಸ್ತ್ರಿ ಸೆರಗು ಎಳೆದ. ಅವಳು ಬಿಡಲಿಲ್ಲ. ಅವನ ಮುಖ ಗುರುತು ಹಿಡಿದ ಮೇಲೆ ಬಿಟ್ಟಳು.

"ತಟ್ಟಿದ್ರಾ?" ಎಂದಳು.

ಮೇಲಿನಿಂದ ಇನ್ಸ್‌ಪೆಕ್ಟರು ಬಗ್ಗಿ ನೋಡುತ್ತಿದ್ದ. ಅವನ ಮೆಲುದನಿ ಇನ್ನಷ್ಟು ಮೆತ್ತಗಾಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿದ. ಆಮೇಲೆ ಪೊಲೀಸರಿಗೂ ಮಾಡಿದ. ಎರಡೂ ಕಾನೂನೇ.

ಸಂಜೆಯೊಳಗೆ ಗೇಟಿಗೆ ಬೀಗ ಬಿತ್ತು. ಲೈಸೆನ್ಸು ರದ್ದಾಯಿತು. ಲೈಸೆನ್ಸಿನ ಹಿಂದೆಯೇ ಹದಿಮೂರು ಕಾರ್ಡುಗಳೂ ಸತ್ತವು. ಎಲ್ಲರನ್ನೂ ವ್ಯಾನಿನಲ್ಲಿ ತುಂಬಿ ಊರಾಚೆಯ ಕಟ್ಟಡವೊಂದಕ್ಕೆ ತಂದರು. ದೇಶದಿಂದ ಹೊರಗೆ ಹಾಕುವವರನ್ನು ಇಡುವ ಜಾಗ. ಉದ್ದನೆಯ ಕೋಣೆ, ಎತ್ತರದಲ್ಲಿ ಕಿಟಕಿ, ಪಿನಾಯಿಲಿನ ವಾಸನೆ. ಗೋಡೆಗೆ ಹಾಸುಗೆ ಒರಗಿಸಿ ಆಳುಗಳೆಲ್ಲ ನಡುವಿನ ಉದ್ದನೆಯ ಮರದ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಮೇಸ್ತ್ರಿ ಅವರ ಕಡೆ ಹೋದ. ಅವರು ಸರಿದು ಜಾಗ ಕೊಡಲಿಲ್ಲ. ಬೈಯಲೂ ಇಲ್ಲ. ಅವನು ಎದುರು ಗೋಡೆಗೆ ಹೋಗಿ ಕೂತ. ಊಟದ ತಟ್ಟೆಗಳು ಬಂದಾಗ ಕೈಯಿಂದ ಕೈಗೆ ದಾಟಿ ಅವನ ತನಕ ಬರಲಿಲ್ಲ. ಅವನೇ ಎದ್ದು ಹೋಗಿ ತಂದುಕೊಂಡ. ಬ್ಯಾಂಡೇಜು ಕಟ್ಟಿದ ಬೆರಳಲ್ಲಿ ತುತ್ತು ಹಿಡಿಯಲು ಬರಲಿಲ್ಲ. ಇಷ್ಟು ವರ್ಷ ಅವನ ತಟ್ಟೆಯಲ್ಲಿ ಕೈಹಾಕಿ ತಿಂದವರು, ಅವನು ತಿನ್ನಲಾಗದೆ ಒದ್ದಾಡುವುದನ್ನು ನೋಡಿಯೂ ನೋಡದ ಹಾಗೆ ಉಂಡರು.

ಎರಡು ದಿನ ಕಳೆದ ಮೇಲೆ ಅಕ್ಕನನ್ನು ಆಸ್ಪತ್ರೆಯಿಂದ ತಂದರು. ಹೆಗಲಿಗೆ ಪಟ್ಟಿ. ಸಿಮೆಂಟು ಸುಟ್ಟ ಕಾಲಿಗೆ ಮುಲಾಮು. ಅದೇ ದಿನ ಒಬ್ಬ ದುಭಾಷಿ ಬಂದ. ಇವರ ನಾಡಿನವನೇ, ಇಸ್ತ್ರಿ ಅಂಗಿಯವನು. ಮೇಸ್ತ್ರಿಯನ್ನು ಪಡಸಾಲೆಗೆ ಕರೆದ. ಕಂಬಿಯವನೂ ಹಿಂದೆ ಬಂದ. ಅಕ್ಕನೂ ಕುಂಟುತ್ತಾ ಬಂದಳು.

"ಸರಿಯಾಗಿ ಕೇಳಿಸ್ಕೊಳ್ಳಿ," ಎಂದ ದುಭಾಷಿ. "ನಿಮ್ಮ ಹೆಸರಪ್ಪನೋ ಯಾರೋ, ಅವನು ಹೇಳಿಕೆ ಕೊಟ್ಟಾಗಿದೆ. ಗುತ್ತಿಗೆ ತನ್ನದೇ, ನೀವು ಬರೀ ಕೂಲಿ, ತಲೆ ಕೆಟ್ಟು ಹೆಲ್ಮೆಟ್ ಕಿತ್ಕೊಂಡ್ರಿ ಅಂತ. ಈ ಅಮ್ಮ ಯಾರೋ ತನಗೆ ಗೊತ್ತೇ ಇಲ್ಲ, ಕಬ್ಬಿಣ ಕದಿಯೋಕೆ ನುಗ್ಗಿದ್ದು ಅಂತ. ನೀವು ಹೌದು ಅಂದ್ರೆ ನಾಳೆಯೇ ಎಲ್ಲರ ಜೊತೆ ಊರಿಗೆ ಹೋಗ್ಬಹುದು."

"ಅಕ್ಕ?"

"ಅವರ ಮೇಲೆ ಕಳ್ಳತನದ ಕೇಸು. ಇಲ್ಲೇ ಜೈಲು."

"ಇಲ್ಲ ಅಂದ್ರೆ?"

"ಗುತ್ತಿಗೆದಾರ ನಾನೇ, ಈಕೆ ನನ್ನ ಆಳು ಅಂತ ನೀವು ಹೇಳಿದ್ರೆ ಅವರು ಕಳ್ಳಿ ಅಲ್ಲ, ಕಾರ್ಡಿಲ್ಲದ ಕೆಲಸದವರು ಅಷ್ಟೆ. ಎಲ್ಲರ ಜೊತೆ ಊರಿಗೆ ಕಳಿಸ್ತಾರೆ. ಜೈಲು ನಿಮಗೆ. ಲೈಸೆನ್ಸಿಲ್ಲದೆ ಗುತ್ತಿಗೆ ಮಾಡಿದ್ದು, ಆಳು ಅಡಗಿಸಿದ್ದು, ಎರಡೂ ನಿಮ್ಮ ತಲೆಗೆ. ಹೆಸರು ಬಾಡಿಗೆಗೆ ಕೊಟ್ಟಿದ್ದಕ್ಕೆ ಅವನನ್ನೂ ಕರೀತಾರೆ. ಆದರೆ ಅವನಿಗೆ ವಕೀಲ ಇದಾನೆ."

ಕಂಬಿಯವನು ತಡೆಯದೆ ನುಗ್ಗಿದ. "ಕೂಲಿ ಅಂತ ಹೇಳ್ಬಿಡಿ ಮೇಸ್ತ್ರಿ. ಹೆಸರಪ್ಪ ಮಾತು ಕಳಿಸಿದಾನೆ. ಅವನ ಹೆಸರು ಉಳಿದ್ರೆ ಹೊಸ ಲೈಸೆನ್ಸು ತೆಗೀತಾನಂತೆ, ನಮ್ಮನ್ನೆಲ್ಲ ವಾಪಸ್ ಕರೆಸ್ತಾನಂತೆ. ನೀವು ಅವನನ್ನ ಮುಳುಗಿಸಿದ್ರೆ ನಾವೂ ಮುಳುಗಿದ ಹಾಗೇ."

"ಅಕ್ಕ ಕಳ್ಳಿ ಅಂತ ಹೇಳ್ಲಾ?"

"ನಿಮ್ಮಕ್ಕ ನಿಮಗೆ ದೊಡ್ಡೋಳು. ನಮ್ಮನೇಲಿ ಇರೋರು ನಮಗೆ ಚಿಕ್ಕೋರಾ?" ಕಂಬಿಯವನ ಕಣ್ಣು ತುಂಬಿತ್ತು. ಅವನ ಕೈಗೂ ಬ್ಯಾಂಡೇಜು ಇತ್ತು. "ಗುಂಡಿಗೆ ನಾನೇ ಮೊದಲು ಹಾರಿದ್ದು. ನೆನಪಿರ್ಲಿ."

"ನೆನಪಿದೆ ಕಣೋ."

"ಹಾಗಾದ್ರೆ ಹೇಳಿ."

ಮೇಸ್ತ್ರಿ ಅಕ್ಕನನ್ನು ನೋಡಿದ. ಅವಳಾದರೂ ತನ್ನ ಕಡೆ ಇದ್ದಾಳು ಅಂದುಕೊಂಡ. ಅಕ್ಕ ಪಟ್ಟಿ ಕಟ್ಟಿದ ಹೆಗಲನ್ನು ನೇರ ಮಾಡಿಕೊಳ್ಳುತ್ತಾ ಹೇಳಿದಳು.

"ಕೂಲಿ ಅಂತ ಹೇಳೋ. ಜೈಲು ಕಟ್ಟಿದೋನೂ ನಮ್ಮಂಥ ಒಬ್ಬ ಮೇಸ್ತ್ರಿನೇ ಇರ್ಬೇಕು, ಸೂರು ಸೋರಲ್ಲ. ಬಿದ್ಕೋತೀನಿ. ನನ್ನ ದಾರಿ ಕಾಯೋರು ಯಾರಿದಾರೆ? ನಿಂಗೆ ಹೆಂಡ್ತಿ ಮಗಳು ಇದಾರೆ."

"ನೀನು ಕದ್ದಿಲ್ವಲ್ಲ."

"ಕದ್ದಿಲ್ಲ ಅಂತ ನಂಗೆ ಗೊತ್ತು. ಸಾಲ್ದಾ?"

"ಸಾಲಲ್ಲ."

"ಹಟ ಮಾಡ್ಬೇಡ. ಗುಂಡೀಲೇ ಸತ್ತೋಗಿದ್ರೆ ಏನ್ಮಾಡ್ತಿದ್ದೆ? ಸತ್ತೆ ಅಂತ್ಲೇ ತಿಳ್ಕೊ."

ಮೇಸ್ತ್ರಿಗೆ ಇದ್ದಕ್ಕಿದ್ದಂತೆ ರೇಗಿತು. ಹುಟ್ಟಿದಾಗಿನಿಂದ ಅವನು ಅಕ್ಕನ ಮೇಲೆ ದನಿ ಎತ್ತಿದವನಲ್ಲ.

"ಎಷ್ಟು ಸಲ ಸಾಯ್ತೀಯೇ ನೀನು? ಅವನಿಗೆ ನೀನು ಕಳ್ಳಿ, ನಾನು ಕೂಲಿ, ನಾವು ಕಟ್ಟಿದ ಗೋಡೆ ಅವನದು. ಅದನ್ನ ಹೌದು ಅಂತ ನನ್ನ ಬಾಯಲ್ಲೇ ಹೇಳ್ಬೇಕಾ? ಬೂಟು ಒರೆಸ್ದೆ. ಅದಕ್ಕೆ ಕೈ ತೊಳ್ಕೊಂಡ್ರೆ ಆಯ್ತು. ಇದನ್ನ ಹೇಳಿದ್ಮೇಲೆ ಬಾಯಿ ಎಲ್ಲಿ ತೊಳ್ಕೊಳ್ಲಿ?"

ಕಂಬಿಯವನು ನೆಲಕ್ಕೆ ಉಗುಳಿ ಒಳಗೆ ಹೋದ.

ದುಭಾಷಿ ಅವನನ್ನು ಅಧಿಕಾರಿಯ ಕೋಣೆಗೆ ಕರೆದೊಯ್ದ. ಮೇಜಿನ ಹಿಂದೆ ಒಬ್ಬ ಹೆಂಗಸು, ಎದುರಿಗೆ ತಣ್ಣಗಾದ ಚಹಾ. ಅವಳು ತಲೆ ಎತ್ತದೆ ಏನೋ ಕೇಳಿದಳು.

"ನಿಮ್ಮ ಕೆಲಸ ಏನು ಅಂತ ಕೇಳ್ತಿದಾರೆ," ಎಂದ ದುಭಾಷಿ. ದನಿ ತಗ್ಗಿಸಿದ. "ಒಂದ್ಸಲ ನಾನು ಹೇಳಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಯೋಚ್ನೆ ಮಾಡಿ."

"ಗುತ್ತಿಗೆದಾರ. ಆ ಕಟ್ಟಡದ ಗುತ್ತಿಗೆದಾರ ನಾನು. ಅಕ್ಕ ನನ್ನ ಹತ್ರ ಕೆಲಸಕ್ಕಿದ್ಲು. ಗುಂಡಿಗೆ ಇಳಿಸಿದ್ದೂ ನಾನೇ. ಅದನ್ನೂ ಹೇಳಿ."

ದುಭಾಷಿ ಹೇಳಿದ. ಆ ಭಾಷೆಯಲ್ಲಿ ಅದು ಚಿಕ್ಕ ಮಾತಾಗಿ ಕೇಳಿಸಿತು. ಹೆಂಗಸು ತಲೆ ಎತ್ತಿದಳು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಸ್ಸು ಬಂತು. ಹನ್ನೆರಡು ಜನ ಗಂಟುಮೂಟೆ ಹೊತ್ತು ಸಾಲಾಗಿ ಹೊರಟರು. ಮೇಸ್ತ್ರಿ ಬಾಗಿಲ ಪಕ್ಕ ನಿಂತಿದ್ದ. ಒಬ್ಬೊಬ್ಬರ ಹೆಗಲೂ ಅವನ ಹೆಗಲಿಗೆ ತಾಗಿಯೇ ದಾಟಬೇಕು, ಅಷ್ಟು ಇಕ್ಕಟ್ಟಿನ ಬಾಗಿಲು. ಆದರೂ ಒಬ್ಬನೂ ತಾಗದ ಹಾಗೆ ಮೈ ಹಿಡಿಮಾಡಿಕೊಂಡು ದಾಟಿದರು. ಕಂಬಿಯವನು ಒಂದು ಗಳಿಗೆ ನಿಂತ. ಏನೋ ಹೇಳುತ್ತಾನೆ ಅನಿಸಿತು. ಮೂಟೆಯನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ಹೋದ.

ಕೊನೆಗೆ ಅಕ್ಕ. ಸಿಟ್ಟಿನಿಂದ ಮುಖ ಗಂಟು ಹಾಕಿಕೊಂಡಿದ್ದಳು.

"ನಿನ್ನ ಹೆಂಡ್ತಿಗೆ ಏನಂತ ಹೇಳ್ಲಿ?"

"ಕೆಲಸ ಮುಗೀಲಿಲ್ಲ ಅಂತ ಹೇಳು."

"ಸುಳ್ಳು ನಾನ್ಯಾಕೆ ಹೇಳ್ಲಿ? ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಊರಿಗೆಲ್ಲ ಕೇಳೋ ಹಾಗೆ ಹೇಳ್ತೀನಿ." ಅವಳು ಒಳ್ಳೆಯ ಕೈಯಿಂದ ಅವನ ಕೆನ್ನೆಗೆ ಒಂದು ಏಟು ಕೊಟ್ಟಳು. ಮೆತ್ತಗೇನಲ್ಲ. ಹಾಗೆಯೇ ಮೆಟ್ಟಿಲಿಳಿದು ಹೋದಳು.

ಬಸ್ಸು ಹೊರಟಿತು. ಅಂಗಳದಲ್ಲಿ ಧೂಳು ಎದ್ದು ಕೂತಿತು. ಕಾವಲಿನವನು ಬಾಗಿಲು ಹಾಕಿಕೊಂಡ. ಕೋಣೆಯಲ್ಲಿ ಹನ್ನೆರಡು ಹಾಸುಗೆ ಸುರುಳಿ ಸುತ್ತಿ ಗೋಡೆಗೆ ಒರಗಿದ್ದವು. ನಡುವೆ ಅದೇ ಉದ್ದನೆಯ ಬೆಂಚು. ಇಷ್ಟು ದಿನ ಆಳುಗಳೆಲ್ಲ ಅದರ ಮೇಲೆ ಒತ್ತಿಕೊಂಡು ಕೂರುತ್ತಿದ್ದರು, ಅವನು ನೆಲದ ಮೇಲೆ. ಮೇಸ್ತ್ರಿ ಹೋಗಿ ಅದರ ತುದಿಯಲ್ಲಿ ಕೂತ. ಬರುವವರಿಗೆ ಜಾಗ ಬಿಟ್ಟವನ ಹಾಗೆ ಸ್ವಲ್ಪ ಹೊತ್ತು ಕೂತಿದ್ದ. ಕೆನ್ನೆ ಇನ್ನೂ ಚುರುಗುಟ್ಟುತ್ತಿತ್ತು.

ಆಮೇಲೆ ಎದ್ದ. ಬೆಂಚಿನ ನಟ್ಟನಡುವೆ ಹೋಗಿ, ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ ಕೂತ.